ಎಡಕ್ಕೆ ತಿರುಗುವ ಕಾರು

ಚಕ್ರ ಇನ್ನೂ ತಿರುಗುತ್ತಲೇ ಇದೆ, ಯಾವಾಗ ತಿರುವಿದ್ದು ಎಂದು ಗಣೇಶ್ ಪ್ರಸಾದನಿಗೆ ನೆನಪಿಲ್ಲ, ಅಂಗೈಯ ಮೇಲೆ ಗೇಣುದ್ದದ ಕಾರು ಅಂಗಾತ ಮಲಗಿದೆ, ಮಗುಚಿಕೊಂಡ ಜೀರುಂಡೆಯ ಹಾಗೆ, ಬಲಗಡೆಯ ಮುಂದಿನ ಚಕ್ರವೊಂದು ಮಾತ್ರ ಸದ್ದಿಲ್ಲದೆ ಸುತ್ತುತ್ತಿದೆ, ಇಷ್ಟು ಹೊತ್ತಿಗೆ ನಿಲ್ಲಬೇಕಿತ್ತು, ಆದರೆ ಬೇರಿಂಗು ಒಳ್ಳೆಯದು, ತಾನೇ ತರಿಸಿ ಕೂರಿಸಿದ್ದು, ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ಹನಿ ಬಿಟ್ಟಿದ್ದೂ ತಾನೇ, ಹೊಗಳಿಕೊಳ್ಳುವುದಿದ್ದರೆ ಈಗಲೇ ಹೊಗಳಿಕೋ, ಕೇಳುವವರು ಯಾರೂ ಇಲ್ಲ – ನಡುಮನೆಯಲ್ಲಿ ಮಗಳು ಮಗ್ಗುಲು ಬದಲಿಸಿದಳು, ಚಾಪೆ ಸರಕ್ಕೆಂದಿತು, ಚಕ್ರ ನಿಂತಿತು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಇಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಬೇಕಾಗಿ ಬಂದದ್ದೇ ನಾಚಿಕೆಗೇಡು. ಮೇಜಿನ ಮೇಲೆ ಫೋನು ಮುಖ ಮೇಲಾಗಿ ಬಿದ್ದಿದೆ, ಅದರ ಪಕ್ಕ ಅಂಟಿನ ಟ್ಯೂಬು, ಎಮರಿ ಪೇಪರಿನ ತುಂಡು, ಹೆಂಡತಿ ಪವಿತ್ರಳ ಹಳೆಯ ಹುಬ್ಬಿನ ಚಿಮಟ, ಬಾಗಿಲಿನಾಚೆ ಕೆಂಪು ಗಾರೆಯ ನೆಲದ ಮೇಲೆ ಫ್ಯಾನಿನ ಕೆಳಗೆ ಶರ್ವಾಣಿ, ನಾಲ್ಕನೇ ಕ್ಲಾಸಿನ ಶರ್ವಾಣಿ, ಮಂಚ ಬೇಡ ನೆಲ ತಣ್ಣಗಿದೆ ಎಂದು ಹಟ ಮಾಡಿ ಅಲ್ಲೇ ಮಲಗಿದ್ದಾಳೆ, ಸರಿಯಾಗಿ ಅದೇ ಜಾಗದಲ್ಲಿ, ಇಷ್ಟು ದೊಡ್ಡ ನಡುಮನೆಯಲ್ಲಿ ಅವಳಿಗೆ ಬೇರೆ ಜಾಗ ಸಿಗಲಿಲ್ಲವೇ. ಡೆಂಗೆ ಜ್ವರ, ಊರಿನಲ್ಲಿ ಬೀದಿಗೊಬ್ಬರಿಗೆ ಬಂದಿದೆ, ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿಯುತ್ತಿದೆ, ನೋಡಣ ಸಾರ್, ಈವತ್ತಿನ ಕೌಂಟ್ ಬರ್ಲಿ, ಇನ್ನೂ ಇಳಿದಿದ್ರೆ ಬೆಂಗಳೂರಿಗೆ ಕರ್ಕೊಂಡ್ ಹೋಗ್ಬಿಡಿ, ತಡ ಮಾಡ್ಬೇಡಿ ಎಂದರು ಡಾಕ್ಟರು, ಆ ಕೌಂಟು ತರಲು ಹೆಂಡತಿ ಲ್ಯಾಬಿಗೆ ಹೋಗಿದ್ದಾಳೆ, ಅಲ್ಲಿ ಕರೆಂಟು ಹೋಗಿದೆಯಂತೆ, ಬಂದ ತಕ್ಷಣ ಫೋನ್ ಮಾಡ್ತೀನಿ ರೀ, ನೀವು ಮಗು ಹತ್ರಾನೇ ಇರಿ. ಮಗುವಿನ ಹತ್ತಿರವೇ ಇದ್ದಾನೆ, ಕೈಯಲ್ಲಿ ಕಾರು ಹಿಡಿದುಕೊಂಡು.

ಬಾಗಿಲಿಲ್ಲದ ಕಾರು. ಸ್ಟಾಕ್ ಕಾರ್ ರೇಸಿನ ಕಾರುಗಳೇ ಹಾಗೆ, ನೋಡುವುದಕ್ಕೆ ರಸ್ತೆಯ ಕಾರು, ಒಳಗೆ ಕಬ್ಬಿಣದ ಪಂಜರ, ಬಾಗಿಲು ಬರೀ ಗೆರೆ, ಓಡಿಸುವವನು ಕಿಟಕಿಯಲ್ಲಿ ನುಸುಳಿ ಒಳಗೆ ಹೋಗಬೇಕು, ಹೊರಗೆ ಬರುವುದಿದ್ದರೆ ಕಿಟಕಿಯಿಂದಲೇ ಬರಬೇಕು, ಆ ಕಿಟಕಿಗೂ ಒಂದು ಬಲೆ. ಬಲೆಯನ್ನು ಅವನು ಶಿಡ್ಲಘಟ್ಟದ ರೇಷ್ಮೆ ನೂಲಿನಲ್ಲಿ ಹೆಣೆದಿದ್ದ, ಅಲ್ಲಿಯ ಕಾಲೇಜಿನ ಆಫೀಸಿನಲ್ಲಿ ಎಫ್‌ಡಿಎ ಕೆಲಸ, ನೂಲು ತೆಗೆಯುವವರ ಬೀದಿ ದಾಟಿಯೇ ಬಸ್‌ಸ್ಟ್ಯಾಂಡಿಗೆ ಬರಬೇಕು, ಒಂದು ಎಳೆ ಕೊಡಪ್ಪ ಎಂದರೆ ಒಂದು ಮುಷ್ಟಿ ಕೊಡುತ್ತಾರೆ, ಬೇಯಿಸಿದ ಗೂಡಿನ ವಾಸನೆ ಆ ಬಲೆಯಲ್ಲಿ ಇನ್ನೂ ಇದೆ, ಮೂಗಿಗೆ ಹತ್ತಿರ ಹಿಡಿದರೆ ಸತ್ತ ಹುಳದ ವಾಸನೆ, ಈಗ ಹಿಡಿಯುವುದು ಬೇಡ. ಏಮಿ ಸಾರ್, ಗೋಲಿ ಆಡೋ ವಯಸ್ಸಾ ಇದು ಎಂದು ಪಕ್ಕದ ಮೇಜಿನ ಚಲಪತಿ ರೇಗಿಸುತ್ತಾನೆ, ಚಿಂತಾಮಣಿಯವನು, ಅವನ ಬಾಯಲ್ಲಿ ತೆಲುಗು ಯಾವಾಗ ಮುಗಿದು ಕನ್ನಡ ಯಾವಾಗ ಶುರುವಾಯಿತು ಅವನಿಗೇ ತಿಳಿಯದು, ಏನಂತ ಹೇಳುವುದು ಅವನಿಗೆ, ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ ಇಟ್ಟರೆ ಅದು ಬೊಂಬೆ, ಅದನ್ನು ಕೊಯ್ದು, ಅರ ಹಾಕಿ, ಪುಟ್ಟಿ ತುಂಬಿ, ಓಡಿ ಬಂದ ಕಾರಿನ ಹಾಗೆ ಧೂಳು ಹತ್ತಿಸಿ, ಗೋಡೆಗೆ ಉಜ್ಜಿದ ಗೀರು ಎಳೆದಾಗಲೇ ಅದಕ್ಕೆ ಜೀವ. ಜೀವ ಎಂಬ ಮಾತು ಈಗ ಬೇಕಿರಲಿಲ್ಲ. ದೀಪವೂ ಇಲ್ಲ ಇದಕ್ಕೆ, ನಿಜವಾದ ರೇಸಿನ ಕಾರಿಗೂ ಇರುವುದಿಲ್ಲ, ದೀಪದ ಜಾಗದಲ್ಲಿ ದೀಪದ ಚಿತ್ರ ಅಂಟಿಸಿರುತ್ತಾರೆ, ಅದನ್ನು ಅವನು ಕೊನೆಯಲ್ಲಿ ಅಂಟಿಸುತ್ತಾನೆ, ನೀರಿನಲ್ಲಿ ನೆನೆಸಿ, ಚಿಮಟದಲ್ಲಿ ಜಾರಿಸಿ, ಉಸಿರು ಬಿಗಿಹಿಡಿದು, ಅಂಟಿಸಿದ ಮರುಗಳಿಗೆ ಕಾರು ನೋಡತೊಡಗುತ್ತದೆ, ಬೆಳಕಿಲ್ಲದ ಕಣ್ಣು, ಅಂಟಿಸಿದ ಕಣ್ಣು. ಬಾಗಿಲ ಮೇಲಿನ ನಂಬರು ಯಾವುದಿರಲಿ ಪುಟ್ಟಿ ಎಂದು ಕೇಳಿದಾಗ ನನ್ನ ರೋಲ್ ನಂಬರ್ ಹಾಕಪ್ಪ, ಇಪ್ಪತ್ತೊಂದು ಎಂದಳು ಶರೂ. ಹಾಕಿದ. ಎರಡೂ ಬಾಗಿಲಿಗೆ, ನೆತ್ತಿಯ ಮೇಲೂ ಒಂದು ದೊಡ್ಡದಾಗಿ, ಕಾರು ಅವಳದ್ದಾಯಿತು.

ಆಮೇಲೆ ಚಕ್ರ. ಇದೇ ಅವನ ಹೆಮ್ಮೆಯ ಕೆಲಸ, ಆ ರೇಸಿನ ದಾರಿ ಮೊಟ್ಟೆಯಾಕಾರದ ಸುತ್ತು, ಸುತ್ತುವುದು ಎಡಕ್ಕೆ ಮಾತ್ರ, ಬೆಳಗಿಂದ ಸಂಜೆಯವರೆಗೂ ಎಡಕ್ಕೆ, ಹಾಗಾಗಿ ಬಲಗಡೆಯ ಚಕ್ರಗಳು ಒಂದು ಕೂದಲು ದೊಡ್ಡವು, ಎಡಗಡೆಯವು ಚಿಕ್ಕವು, ತೂಕವೂ ಎಡಕ್ಕೇ ಹೆಚ್ಚು, ಅಂಥ ಕಾರನ್ನು ಸುಮ್ಮನೆ ಬಿಟ್ಟರೂ ತಾನಾಗಿ ಎಡಕ್ಕೆ ಎಳೆಯುತ್ತದೆ, ಇಷ್ಟು ಚಿಕ್ಕ ಕಾರಿನಲ್ಲಿ ಅದನ್ನು ಯಾರು ಮಾಡುತ್ತಾರೆ, ಕಪಾಟಿನಲ್ಲಿ ಇಡುವುದಕ್ಕೆ ಎಡವೇನು ಬಲವೇನು, ಆದರೆ ಅವನು ಮಾಡಿದ, ಟಯರನ್ನು ಎಳೆ ಎಳೆಯಾಗಿ ಉಜ್ಜಿ ಸವೆಸಿದ, ಎಡಗಡೆಯ ಪಂಜರದೊಳಗೆ ಸೀಸದ ಚೂರು ಅಂಟಿಸಿದ, ಭಾನುವಾರ ಮಧ್ಯಾಹ್ನ ಶರೂನ ಕರೆದ, ಬಾ ಇಲ್ಲಿ ನಡುವೆ ಕೂತ್ಕೋ, ಅಲ್ಲಾಡಬೇಡ, ನೋಡು ಮಜಾ. ಬೇಯಿಸಿದ ಕಡಲೆಕಾಯಿಯ ಬಟ್ಟಲು ಮಡಿಲಲ್ಲಿಟ್ಟುಕೊಂಡು ಅವಳು ಕೂತಳು, ಅವನು ಗೋಡೆಯ ಹತ್ತಿರ ಕುಕ್ಕರುಗಾಲಲ್ಲಿ, ತಳ್ಳಿ ಬಿಟ್ಟ, ಕಾರು ಅವಳ ಸುತ್ತ ಒಂದು ಸುತ್ತು ಹಾಕಿಕೊಂಡು ಬಂದು ಅವನ ಅಂಗೈಗೇ ಸೇರಿತು, ಸಾಕಿದ ನಾಯಿ ಬಂದ ಹಾಗೆ. ಇನ್ನೊಂದ್ಸಲ ಅಪ್ಪಾ. ಎರಡು. ಇನ್ನೊಂದೇ ಒಂದ್ಸಲ. ಮೂರು – ಅಡುಗೆಮನೆಯಿಂದ ಮೊರ ಹಿಡಿದು ಬಂದ ಅಮ್ಮ ಹೊಸಿಲಲ್ಲೇ ನಿಂತುಬಿಟ್ಟಳು. ಕಮಲಮ್ಮ ಕಿರುಚುವ ಹೆಂಗಸಲ್ಲ, ಮೇಷ್ಟ್ರ ಹೆಂಡತಿ, ದನಿ ತಗ್ಗಿಸಿದಳೆಂದರೆ ಹೆದರಬೇಕು, ಏನೋ ಅದು ಗಣೇಶ, ಮಗೂನ ನಡುವೆ ಕೂರ್ಸ್ಕೊಂಡು ಅಪ್ರದಕ್ಷಿಣೆ ಹಾಕಿಸ್ತಾ ಇದೀಯಲ್ಲೋ. ಅವನು ನಕ್ಕ, ಅಮ್ಮಾ ಅದು ರೇಸ್ ಕಾರು, ಅದಕ್ಕೆ ಬರೋದೇ ಎಡಕ್ಕೆ. ಎಡಕ್ಕೆ ಸುತ್ತೋದು ಯಾವಾಗ ಅಂತ ನಿನಗೆ ಹೇಳ್ಕೊಡ್ಬೇಕೇನೋ, ಹೋದ ವರ್ಷ ತಾನೇ ಸುತ್ತಿದ್ಯಲ್ಲ. ಮೊರ ಅಲ್ಲೇ ಇಟ್ಟು ದೇವರ ಕೋಣೆಗೆ ಹೋದಳು. ಶರೂ ಕಡಲೆಕಾಯಿ ಬಾಯಿಗೆ ಹಾಕಿಕೊಂಡು ಅಪ್ಪಾ ಅಜ್ಜಿಗೆ ಏನಾಯ್ತು ಎಂದಳು. ಏನಿಲ್ಲ ಪುಟ್ಟಿ. ಸಂಜೆಗೆ ಮೈ ಬಿಸಿ ಎಂದಳು.

ಹೋದ ವರ್ಷ. ಅಪ್ಪನನ್ನು ಸೌದೆಯ ಮೇಲೆ ಮಲಗಿಸಿದ್ದರು, ಸತ್ಯಮೂರ್ತಿ ಮೇಷ್ಟ್ರು, ಗೌರಿಬಿದನೂರಿನಿಂದಲೂ ಹಳೆಯ ಹುಡುಗರು ಬಂದಿದ್ದರು, ಅವನ ಎಡ ಹೆಗಲ ಮೇಲೆ ನೀರು ತುಂಬಿದ ಹೊಸ ಮಡಕೆ, ಹೆಜ್ಜೆ ಹಾಕಿ ಎಂದರು ಪುರೋಹಿತರು, ಅವನು ಬಲಕ್ಕೆ ಹೊರಟ, ಹುಟ್ಟಿದಾಗಿನಿಂದ ಗುಡಿಯಲ್ಲಿ ಬಲಕ್ಕೇ ಸುತ್ತಿದ ಕಾಲು, ಅದಕ್ಕೇನು ಗೊತ್ತು, ಎರಡು ಹೆಜ್ಜೆ ಹೋಗಿರಬೇಕು, ಅವರು ತೋಳು ಹಿಡಿದು ತಿರುಗಿಸಿದರು, ಎಡಕ್ಕೆ ಸ್ವಾಮಿ, ಈವತ್ತು ಎಡಕ್ಕೆ. ಒಂದು ಸುತ್ತು ಮುಗಿದಾಗ ಹಿಂದಿನಿಂದ ಮಡಕೆಗೆ ಕಲ್ಲಿನಲ್ಲಿ ಕುಟ್ಟಿ ಒಂದು ತೂತು, ನೀರು ಬೆನ್ನ ಮೇಲೆ ಇಳಿಯಿತು, ತಣ್ಣಗೆ, ಎರಡನೆಯ ಸುತ್ತಿಗೆ ಇನ್ನೊಂದು, ಮೂರನೆಯದಕ್ಕೆ ಮತ್ತೊಂದು, ಆಮೇಲೆ ತಿರುಗಿ ನೋಡದೆ ಹಿಂದಕ್ಕೆ ಹಾಕಿ, ಒಡೆದ ಸದ್ದು, ತಿರುಗಿ ನೋಡಬೇಡಿ ಸ್ವಾಮಿ. ಮನೆಗೆ ಬಂದ ಮೇಲೆ ಸೋದರಮಾವ ಉಪ್ಪಿನಕಾಯಿ ಕೇಳುವಷ್ಟೇ ಸಲೀಸಾಗಿ ಕೇಳಿದ, ನಿನಗಿರೋದು ಒಂದೇ ಹೆಣ್ಣು, ನಿನ್ನ ಮಡಕೆ ಯಾರಪ್ಪ ಹೊರ್ತಾರೆ, ಅವನಿಗೆ ರೇಗಿತು, ಯಾಕೆ, ನನ್ನ ಮಗಳೇ ಹೊರ್ತಾಳೆ. ಶರೂ ಪಕ್ಕದಲ್ಲೇ ಇದ್ದಳು, ರಾತ್ರಿ ಮಲಗುವಾಗ ಕಿವಿಯ ಹತ್ತಿರ ಬಾಯಿ ತಂದು, ಅಪ್ಪಾ ಅದು ಭಾರ ಇರತ್ತಾ? ಇರಲ್ಲ ಕಣಮ್ಮ, ನೀರು ಸೋರ್ತಾ ಸೋರ್ತಾ ಹಗುರ ಆಗ್ಬಿಡತ್ತೆ. ಹಾಗಾದ್ರೆ ಹೊರ್ತೀನಿ ಎಂದು ಒಪ್ಪಿಕೊಂಡು ನಿದ್ದೆ ಹೋದಳು. ಆ ಮಾತಿಗೆ ಆಗ ನಗು ಬಂದಿತ್ತು, ಈಗ ಅವನಿಗೆ ಆ ಒಪ್ಪಂದವೇ ಬೇಕಾಗಿದೆ, ಅದೇ ಕ್ರಮ, ಅವಳು ಹೊರಬೇಕು, ಅವನು ಮಲಗಿರಬೇಕು, ಯಾವ ಕಾರಣಕ್ಕೂ ಅದು ತಿರುವುಮುರುವಾಗಕೂಡದು – ಫೋನು ಮಿನುಗಿತು, ಅಲ್ಲ, ಕಿಟಕಿಯ ಬಿಸಿಲು ಗಾಜಿನ ಮೇಲೆ ಜಾರಿದ್ದು, ಆಚೆ ಸ್ಕಂದಗಿರಿಯ ತಲೆಯ ಮೇಲಿನ ಮೋಡ ಸರಿಯಿತು ಅಷ್ಟೇ. ಚಿಮಟ ತೆಗೆದುಕೊಂಡ. ಬಲಗಡೆಯ ಚಕ್ರ ಕಿತ್ತು ಎಡಕ್ಕೆ, ಎಡಗಡೆಯದನ್ನು ಬಲಕ್ಕೆ, ಇಷ್ಟೇ ತಾನೇ, ದೊಡ್ಡದು ಎಡಕ್ಕೆ ಬಂದರೆ ಕಾರು ಬಲಕ್ಕೆ ತಿರುಗಲೇಬೇಕು, ಲೆಕ್ಕದ ಮೇಷ್ಟ್ರ ಮಗ ಅವನು, ಬಲಕ್ಕೆ ಮೂರು ಸುತ್ತು ಹಾಕಿಸಿದರೆ ಎಡಕ್ಕೆ ಹಾಕಿದ ಮೂರು ಕಳೆದು ಸೊನ್ನೆ. ಮೂಢನಂಬಿಕೆ ಎನ್ನುವುದಿದ್ದರೆ ಅನ್ನಲಿ, ಯಾರೂ ನೋಡುತ್ತಿಲ್ಲ, ಅಮ್ಮ ದೇವರ ಕೋಣೆಯಲ್ಲಿ ಕೂತು ಗೊಣಗುತ್ತಿದ್ದಾಳೆ, ಬೆಳಗ್ಗೆಯಿಂದ ಅಲ್ಲಿಂದ ಎದ್ದಿಲ್ಲ.

ಬರಿಗಾಲಲ್ಲಿ ಬಂದು ಗೋಡೆಯ ಹತ್ತಿರ ಕೂತ. ಶರೂ ಕಣ್ಣು ಮುಚ್ಚಿದ್ದಾಳೆ, ತುಟಿ ಒಣಗಿದೆ, ಮುಂಜಾನೆ ಅಜ್ಜಿ ಕುಡಿಸಿದ ಪರಂಗಿ ಎಲೆಯ ರಸ ಬಾಯಿಯ ಮೂಲೆಯಲ್ಲಿ ಹಸಿರಾಗಿ ಉಳಿದಿದೆ, ಕತ್ತಿನ ಕೆಳಗೆ ಕೆಂಪು ಚುಕ್ಕೆ, ನಿನ್ನೆ ಇಷ್ಟಿರಲಿಲ್ಲ, ಇತ್ತೇನೋ, ಲೆಕ್ಕ ಹಾಕಬೇಡ. ಕಾರು ಬಿಟ್ಟ. ಸ್ವಲ್ಪ ದೂರ ನೆಟ್ಟಗೆ ಹೋಯಿತು, ಯೋಚಿಸಿದ ಹಾಗೆ ನಿಧಾನವಾಯಿತು, ಎಡಕ್ಕೆ ತಿರುಗಿತು. ಚಾಪೆಯ ಅಂಚಿಗೆ ಸರಿಯಾಗಿ, ಮಗಳ ಕಾಲಿನ ಕಡೆಯಿಂದ ತಲೆಯ ಕಡೆಗೆ, ಅವನು ಮಂಡಿಯಲ್ಲೇ ಹೋಗಿ ಅರ್ಧದಲ್ಲಿ ಹಿಡಿದುಕೊಂಡ, ಸೀಸ, ಹೌದಲ್ಲ, ಎಡಗಡೆಯ ಸೀಸ ಹಾಗೇ ಇದೆ, ಅದರ ತೂಕಕ್ಕೆ ಎಳೆದಿದೆ, ದಡ್ಡ, ಕಿಟಕಿಯ ಬಲೆ ಹರಿದು ಚಿಮಟ ಹಾಕಿ ಸೀಸ ಕಿತ್ತು ಬಿಸಾಡಿದ, ಅದು ನೆಲದ ಮೇಲೆ ಉರುಳಿ ಬಾಗಿಲ ಸಂದಿಗೆ ಹೋಯಿತು, ಅದೂ ಎಡಕ್ಕೇ, ಥೂ, ಉರುಳುವುದಕ್ಕೆ ಎಲ್ಲಾದರೊಂದು ಕಡೆ ಹೋಗಬೇಕಲ್ಲ. ಮತ್ತೆ ಬಿಟ್ಟ. ಎಡಕ್ಕೆ. ನೆಲ ಇಳಿಜಾರಿರಬೇಕು, ಬಚ್ಚಲ ಕಡೆಗೆ ನೀರು ಹೋಗಲೆಂದು ಅಜ್ಜನ ಕಾಲದಲ್ಲಿ ಹಾಗೇ ಗಾರೆ ಹಾಕಿದ್ದಾರೆ, ಈ ಕಡೆಯಿಂದ ಬಿಡಬಾರದು, ಆ ಕಡೆಗೆ ಹೋಗಿ ಬಿಟ್ಟ, ಎಡಕ್ಕೆ, ಈ ಸಲ ಹಿಡಿಯುವಷ್ಟರಲ್ಲಿ ತಲೆದಿಂಬಿನ ಹಿಂದೆ ದಾಟಿಹೋಗಿತ್ತು, ಹೊರಳಿ ಬಂತು, ಅವನ ಕಡೆಗೇ ಮುಖ ಮಾಡಿ ನಿಂತಿತು, ಅಂಟಿಸಿದ ಕಣ್ಣು. ಆಗ ಅವನಿಗೆ ಗೊತ್ತಾಯಿತು, ಇದನ್ನು ಹಿಂದಕ್ಕೆ ಸುತ್ತಿಸಿ ಕಳೆಯುವುದಕ್ಕಾಗುವುದಿಲ್ಲ, ಮೂರು ಸುತ್ತು ಹಾಕಿದ್ದಾಗಿದೆ, ಅದು ಯಾರಿಗಾದರೂ ಸಲ್ಲಲೇಬೇಕು. ಸಲ್ಲಬೇಕಾದವನು ಇಲ್ಲಿದ್ದಾನಲ್ಲ, ಗುಂಡುಕಲ್ಲಿನ ಹಾಗೆ, ಗೋಡೆಗೊರಗಿಕೊಂಡು.

ಶರೂ, ಏಳು ಪುಟ್ಟಿ, ಒಳಗೆ ಮಂಚದ ಮೇಲೆ ಮಲಗಣ. ಅವಳು ಕೈ ಎತ್ತಿದಳು, ಎತ್ತಿಕೊಂಡ, ಬಿಸಿ, ಒಲೆಯ ಮೇಲಿನ ಹೆಂಚಿನಷ್ಟು ಬಿಸಿ, ತೂಕವೇ ಇಲ್ಲ, ಹಗುರ ಆಗ್ಬಿಡತ್ತೆ ಎಂದವನು ಅವನೇ ಅಲ್ಲವೇ, ಆ ಮಾತು ಈಗ ನೆನಪಾಗಬಾರದು. ಮಂಚದ ಮೇಲೆ ಮಲಗಿಸಿ ಬಂದ. ಚಾಪೆ ಸುತ್ತಿಟ್ಟ. ನೆಲದ ಮೇಲೆ ಅವಳ ಮೈಯ ಬಿಸಿ ಇಷ್ಟಗಲ, ಆರದೆ ಉಳಿದಿದೆ, ಅದರ ಮೇಲೆಯೇ ಕೂತ, ಚಕ್ಕಂಬಕ್ಕಳ ಹಾಕಿಕೊಂಡು, ಚಕ್ರಗಳನ್ನು ಮೊದಲಿನ ಹಾಗೆ ಹಾಕಿದ, ದೊಡ್ಡದು ಬಲಕ್ಕೆ, ಚಿಕ್ಕದು ಎಡಕ್ಕೆ, ಸೀಸವನ್ನು ಹುಡುಕಿ ತಂದು ಅಂಟು ಹಾಕಿ ಕೂರಿಸಿದ, ಇಷ್ಟು ಶ್ರದ್ಧೆಯಿಂದ ಅವನು ಯಾವ ಕೆಲಸವನ್ನೂ ಮಾಡಿದವನಲ್ಲ, ಸಂಧ್ಯಾವಂದನೆಯನ್ನಂತೂ ಅಲ್ಲ. ಅವಳ ಸುತ್ತ ಹಾಕಿದ ಮೂರೂ ನನ್ನದಾಗಲಿ. ದೇವರಿಗೆ ಹೇಳಿದನೋ ಕಾರಿಗೆ ಹೇಳಿದನೋ ಅವನಿಗೂ ತಿಳಿಯದು, ಕೈ ಚಾಚಿ ಬಿಟ್ಟ. ಕಾರು ತಿರುಗಲಿಲ್ಲ. ಮೊದಲ ಬಾರಿಗೆ, ಹಗ್ಗ ಹಿಡಿದು ಎಳೆದ ಹಾಗೆ ನೆಟ್ಟಗೆ ಹೋಯಿತು, ನಡುಮನೆ ದಾಟಿ, ಮಗಳು ಮಲಗಿದ ಕೋಣೆಯ ಹೊಸಿಲಿಗೆ ಮೂತಿ ತಾಗಿಸಿ ನಿಂತಿತು. ಬೇಡ, ಅಲ್ಲಿಗಲ್ಲ, ಇಲ್ಲಿಗೆ ಬಾ, ಎದ್ದು ಹೋಗಿ ತರಬೇಕು, ಕಾಲು ಏಳುತ್ತಿಲ್ಲ – ಅಲ್ಲವೇ ಮತ್ತೆ, ತನ್ನ ಸುತ್ತ ತಾನೇ ಮಡಕೆ ಹೊತ್ತು ತಿರುಗಿದವರು ಎಲ್ಲಾದರೂ ಇದ್ದಾರೆಯೇ, ಮಲಗಿದವನು ಮಲಗಿರುತ್ತಾನೆ, ಹೊರುವವರೇ ಬೇರೆ, ಪುರೋಹಿತರು ತೋಳು ಹಿಡಿದು ತಿರುಗಿಸಿದ್ದು ಮಗನನ್ನು ತಾನೇ, ಅಪ್ಪ ಸುಮ್ಮನೆ ಸೌದೆಯ ಮೇಲಿದ್ದರು, ತುಟಿಯ ಮೇಲೆ ತುಳಸಿ, ಏನೂ ಮಾಡಬೇಕಾಗಿರಲಿಲ್ಲ ಅವರು.

ಅಪ್ಪಾ. ಹೊಸಿಲ ಮೇಲೆ ಎರಡು ಸಣ್ಣ ಪಾದ. ಶರೂ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾಳೆ, ಕೂದಲು ಹಣೆಗೆ ಅಂಟಿದೆ, ಹಣೆ ಬೆವೆತಿದೆ, ಬೆವೆತಿದೆ, ಜ್ವರ ಬಿಟ್ಟರಲ್ಲವೇ ಬೆವರುವುದು, ಅಪ್ಪಾ ಹಸಿವು, ಮೊಸರನ್ನ ಬೇಕು. ಎಷ್ಟು ದಿನದ ಮೇಲೆ ಕೇಳಿದ ಮಾತು, ಅವನಿಗೆ ಅಳು ಬಂತು, ತರ್ತೀನಿ ಇರಮ್ಮ ಎನ್ನಬೇಕು, ಏಳಬೇಕು, ನೀನ್ಯಾಕೆ ನನ್ನ ಜಾಗದಲ್ಲಿ ಕೂತಿದೀಯಾ ಎಂದು ಅವಳು ನಕ್ಕಳು, ಕೆಳಗೆ ನೋಡಿದಳು, ಕಾಲ ಬಳಿ ಕಾರು, ತನ್ನ ನಂಬರಿನ ಕಾರು, ಗೋಡೆ ಹಿಡಿದುಕೊಂಡೇ ಮೆಲ್ಲಗೆ ಬಗ್ಗಿದಳು. ಬೇಡ ಎನ್ನಬಹುದಿತ್ತು. ಅನ್ನಲಿಲ್ಲ. ಅವಳು ತಳ್ಳಿದಳು, ಜ್ವರ ಬಿಟ್ಟ ಮಗುವಿನ ಕೈ, ಅದರಲ್ಲೇನು ಬಲ, ಕಾರು ಹೊರಟಿತು, ಎಡಕ್ಕೆ ಬಾಗಿತು, ಅವನ ಎಡಮಂಡಿಯ ಪಕ್ಕ ಹಾದು ಬೆನ್ನ ಹಿಂದೆ ಮರೆಯಾಯಿತು, ಸಣ್ಣ ಸರಸರ ಮಾತ್ರ, ಬಲಗಡೆಯಿಂದ ಬಂತು, ಅವಳ ಪಾದದ ಹತ್ತಿರ ನಿಲ್ಲಬೇಕಿತ್ತು, ಅವಳು ಕೈ ಚಾಚಿದಳು ಹಿಡಿಯಲು, ಕಾರು ಬೆರಳು ತಪ್ಪಿಸಿಕೊಂಡು ಮುಂದೆ ಹೋಯಿತು, ಅಪ್ಪಾ ನೋಡು, ನಾನು ತಳ್ಳೇ ಇಲ್ಲ. ಫೋನು ಬಡಿದುಕೊಳ್ಳುತ್ತಿದೆ ಮೇಜಿನ ಮೇಲೆ, ಶರೂ ಗೋಡೆ ಸವರಿಕೊಂಡು ಹೋಗಿ ತಂದು ಸ್ಪೀಕರ್ ಹಾಕಿ ಅವನೆದುರು ಹಿಡಿದಳು, ರೀ, ಏರಿದೆ ರೀ, ಕೌಂಟ್ ಏರಿದೆ, ಡಾಕ್ಟ್ರಿಗೂ ಫೋನ್ ಮಾಡ್ದೆ, ಇನ್ನೇನೂ ಭಯ ಇಲ್ಲ ಅಂದ್ರು, ಕೇಳಿಸ್ತಾ, ಯಾಕ್ರೀ ಮಾತಾಡ್ತಿಲ್ಲ, ಪವಿತ್ರ ಅಳುತ್ತಿದ್ದಾಳೆ, ನಗುತ್ತಲೂ ಇದ್ದಾಳೆ, ಎರಡನೆಯ ಸುತ್ತು ಬಲಗಡೆಯಿಂದ ಬಂದು ಎಡಕ್ಕೆ ಹೋಯಿತು, ಕೇಳಿಸ್ತು ಎಂದ, ಸಂತೋಷ ಎದೆಯಲ್ಲಿ ತುಂಬಿಕೊಂಡಿದೆ, ಇಷ್ಟು ಸಂತೋಷ ಅವನು ಬದುಕಿನಲ್ಲಿ ಕಂಡಿಲ್ಲ, ಮದುವೆಯ ದಿನವೂ ಇಲ್ಲ, ಮಗು ಹುಟ್ಟಿದ ದಿನವೂ ಇಲ್ಲ, ಕೊಟ್ಟದ್ದು ಸಲ್ಲಿತು, ಭಾರ ಇರಲ್ಲ ಕಣಮ್ಮ, ಬೆನ್ನ ಮೇಲೆ ತಣ್ಣಗೆ ಏನೋ ಇಳಿಯುತ್ತಿದೆ, ಕುತ್ತಿಗೆಯಿಂದ ಸೊಂಟದವರೆಗೆ, ಬೆವರಿರಬೇಕು, ಇಷ್ಟು ತಣ್ಣಗಿರುತ್ತದೆಯೇ ಬೆವರು, ತಿರುಗಿ ನೋಡಬೇಡಿ ಸ್ವಾಮಿ, ನೋಡುವುದಿಲ್ಲ, ಮಗಳು ಎದುರಿಗಿದ್ದಾಳೆ, ಅವಳ ಎರಡೂ ಕೈ ಫೋನಿನ ಮೇಲಿದೆ, ಅವಳ ಕಣ್ಣು ಮಾತ್ರ ಅವನ ಬೆನ್ನ ಹಿಂದೆ ಏನನ್ನೋ ಹಿಂಬಾಲಿಸುತ್ತಿದೆ, ಎಡದಿಂದ ಬಲಕ್ಕೆ, ಹಿಂದೆ ಸರಸರ, ಮೂರನೆಯ ಸುತ್ತು, ಹತ್ತಿರವಾಗುತ್ತಿದೆ, ಬರುತ್ತದೆ, ಈಗ ಬರುತ್ತದೆ, ಬಲಮಂಡಿಯ ಪಕ್ಕದಿಂದ, ಮೊದಲು ಮೂತಿ, ಆಮೇಲೆ ಕಣ್ಣು, ಬೆಳಕಿಲ್ಲದ ಕಣ್ಣು, ಅವನೇ ಅಂಟಿಸಿದ ಕಣ್ಣು –